ಗಲ್ಲಾಪೆಟ್ಟಿಗೆ ಗಿರಾಕಿಯ ಕೈಗೆ ಬಂದ ಕತೆ

1984ರ ಒಂದು ದಿನ. ಅಮೆರಿಕದ ದಕ್ಷಿಣ ಫ್ಲಾರಿಡಾದ ದಿನಸಿ ಅಂಗಡಿಯೊಂದರಲ್ಲಿ ಬಿಲ್ ಹಾಕಿಸಲು ಹನುಮಂತನ ಬಾಲದಂಥ ಸಾಲು. ಆ ಸಾಲಿನಲ್ಲಿ ಡೇವಿಡ್ ಹಂಬಲ್ ಎಂಬಾತ ನಿಂತಿದ್ದ. ಸಾಲು ಮಿಸುಕುತ್ತಿಲ್ಲ. ಅವನಿಗಿಂತ ಮುಂದಿದ್ದ ಗಿರಾಕಿಯೊಬ್ಬನ ತಾಳ್ಮೆ ಕೆಟ್ಟುಹೋಯಿತು. ಕ್ಯಾಷಿಯರ್ ಕೈಯಲ್ಲಿದ್ದ ಸ್ಕ್ಯಾನರನ್ನು ಕಸಿದುಕೊಂಡವನೇ ತನ್ನ ಸಾಮಾನಿನ ಮೇಲೆ ತಾನೇ ಹಾಯಿಸಿದ. ಯಂತ್ರ ಬೆಲೆ ಓದಿತು. ಅದಕ್ಕೇನು, ಯಾರ ಕೈಯಲ್ಲಿದ್ದರೂ ಓದುತ್ತದೆ.

ಸೂಪರ್ ಮಾರ್ಕೆಟಿನ ಸೆಲ್ಫ್ ಚೆಕೌಟ್ ಹುಟ್ಟಿದ್ದರ ಬಗ್ಗೆ ಹಂಬಲ್ ಹೇಳಿದ ಪ್ರಸಂಗ ಇದು. ಆವಿಷ್ಕಾರ ಮಾಡಿದವರು ಆಮೇಲೆ ಹೇಳುವ ಇಂಥ ಕತೆಗಳನ್ನು ನಾನು ಜರಡಿ ಹಿಡಿದೇ ಕೇಳುತ್ತೇನೆ. ತಲೆಯಲ್ಲಿ ವರ್ಷಗಟ್ಟಲೆ ಕುದಿದದ್ದು ಹೇಳುವಾಗ ಒಂದು ಗಳಿಗೆಯ ಮಿಂಚಾಗಿಬಿಡುತ್ತದೆ. ಆದರೂ ಈ ಕತೆಯನ್ನು ನಂಬಲು ಅಡ್ಡಿಯಿಲ್ಲ. ಅಷ್ಟು ಹೊತ್ತಿಗೆ ಕ್ಯಾಷಿಯರ್ ಮಾಡುತ್ತಿದ್ದ ಕೆಲಸದ ಬಹುಪಾಲು ಯಂತ್ರದೊಳಗೆ ಸೇರಿಹೋಗಿತ್ತು. ಉಳಿದದ್ದು ಸಾಮಾನನ್ನು ಎತ್ತಿ ಹಿಡಿಯುವುದಷ್ಟೆ. ಅದನ್ನು ಗಿರಾಕಿಯೂ ಮಾಡಬಲ್ಲ ಎನ್ನುವುದು ಒಬ್ಬ ಒರಟನ ಕೈಯಿಂದ ಬಯಲಾಯಿತು.

ಹಂಬಲ್‌ನ ಯಂತ್ರದ ಬಗ್ಗೆ ಹೇಳುವ ಮೊದಲು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಸೂಪರ್ ಮಾರ್ಕೆಟಿನ ಕ್ಯಾಷಿಯರ್ ಎಂಬ ಕೆಲಸವೇ ಆಗ ಸರಿಯಾಗಿ ಹುಟ್ಟಿರಲಿಲ್ಲ.

ಆ ಕಾಲದ ಅಮೆರಿಕದ ದಿನಸಿ ಅಂಗಡಿ ನಮ್ಮ ಊರಿನ ಶೆಟ್ಟರ ಅಂಗಡಿಗಿಂತ ಬೇರೆಯಾಗಿರಲಿಲ್ಲ. ಸಾಮಾನೆಲ್ಲ ಮೇಜಿನ ಆಚೆ, ಗಿರಾಕಿ ಈಚೆ. ಮನೆಯಾಕೆ ಚೀಟಿ ಓದುತ್ತಾ ಹೋದ ಹಾಗೆ ಆಳು ಒಂದೊಂದನ್ನೇ ಕಪಾಟಿನಿಂದ ಇಳಿಸುತ್ತಿದ್ದ, ಡಬ್ಬದಿಂದ ಮೊಗೆಯುತ್ತಿದ್ದ, ತೂಗುತ್ತಿದ್ದ, ಪೊಟ್ಟಣ ಕಟ್ಟುತ್ತಿದ್ದ. ಉದ್ರಿಯ ಪುಸ್ತಕವಿತ್ತು. ಮನೆಗೆ ತಲುಪಿಸುವ ಹುಡುಗನೂ ಇದ್ದ. ಅಂಗಡಿಯ ಆಳಿಗೆ ಗಿರಾಕಿಯ ಮನೆಯಲ್ಲಿ ಎಷ್ಟು ಜನ, ಯಾವ ತಿಂಗಳು ಸಕ್ಕರೆ ಜಾಸ್ತಿ ಬೇಕು ಎಲ್ಲ ಗೊತ್ತು. ಖರ್ಚು ಮಾತ್ರ ಜಾಸ್ತಿ. ಒಬ್ಬ ಗಿರಾಕಿಗೆ ಒಬ್ಬ ಆಳು ಅರ್ಧ ಗಂಟೆ ಸಿಕ್ಕಿಬಿದ್ದರೆ ಉಳಿದವರು ಕಾಯಬೇಕು.

ಟೆನೆಸ್ಸೀ ರಾಜ್ಯದ ಮೆಂಫಿಸ್ ಪಟ್ಟಣದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿಗೆ ಇದು ಸರಿಕಾಣಲಿಲ್ಲ. 1916ರ ಸೆಪ್ಟೆಂಬರಿನಲ್ಲಿ ಜೆಫರ್ಸನ್ ಅವೆನ್ಯೂದಲ್ಲಿ ಅವನೊಂದು ಅಂಗಡಿ ತೆರೆದ. ಹೆಸರು ಪಿಗ್ಲಿ ವಿಗ್ಲಿ. ಹೆಸರಿಗೆ ಅರ್ಥವೇನು ಎಂದು ಯಾರಾದರೂ ಕೇಳಿದರೆ, ಹೀಗೆ ಜನ ಕೇಳಲಿ ಅಂತಲೇ ಇಟ್ಟದ್ದು ಎನ್ನುತ್ತಿದ್ದನಂತೆ. ತೆರೆದ ದಿನ ಬ್ಯಾಂಡು ಬಾರಿಸಿದರು, ಸೌಂದರ್ಯ ಸ್ಪರ್ಧೆಯೂ ನಡೆಯಿತು. ಒಳಗೆ ಹೋದವರಿಗೆ ಕಂಡದ್ದು ವಿಚಿತ್ರ. ಮೇಜಿಲ್ಲ, ಆಳಿಲ್ಲ. ಬಾಗಿಲಲ್ಲಿ ತಿರುಗುವ ಗೇಟು, ಕೈಗೊಂದು ಬುಟ್ಟಿ, ಪ್ರತಿ ಸಾಮಾನಿನ ಮೇಲೂ ಬೆಲೆ. ಬೇಕಾದ್ದನ್ನು ನೀವೇ ತೆಗೆದುಕೊಳ್ಳಿ!

1917ರಲ್ಲಿ ಸಾಂಡರ್ಸ್‌ಗೆ ಇದಕ್ಕೆ ಪೇಟೆಂಟ್ ಸಿಕ್ಕಿತು. ಅಂಗಡಿಯ ನಕ್ಷೆಯನ್ನೇ ಆವಿಷ್ಕಾರ ಎಂದು ಒಪ್ಪಿಸಿದ ಗಟ್ಟಿಗ. ನಕ್ಷೆಯನ್ನು ನೋಡಿದರೆ ಹಾವು ಹರಿದ ಹಾಗೆ ಒಂದೇ ದಾರಿ. ಒಂದು ಕಡೆಯಿಂದ ಒಳಗೆ ಹೋದವರು ಎಲ್ಲ ಕಪಾಟುಗಳ ಮುಂದೆ ಹಾದು, ಸುತ್ತಿ ಬಳಸಿ, ಇನ್ನೊಂದು ಕಡೆಯಿಂದಲೇ ಹೊರಗೆ ಬರಬೇಕು. ಹೊರಗೆ ಬರುವ ಆ ಒಂದೇ ಕಿಂಡಿಯಲ್ಲಿ ಒಬ್ಬ ವ್ಯಕ್ತಿ ಕುಳಿತು ಸಾಮಾನು ನೋಡಿ, ಲೆಕ್ಕ ಹಾಕಿ, ದುಡ್ಡು ತೆಗೆದುಕೊಳ್ಳುತ್ತಿದ್ದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸೆಲ್ಫ್ ಸರ್ವೀಸ್ ಬಂದು ಕ್ಯಾಷಿಯರ್ ಕೆಲಸ ಕಿತ್ತುಕೊಂಡಿತು ಎಂದು ಇವತ್ತು ನಾವು ಹೇಳುತ್ತೇವೆ. ಆದರೆ ಕಿಂಡಿಯಲ್ಲಿ ಕುಳಿತು ಸಾಲುಗಟ್ಟಿದವರ ಬಿಲ್ ಹಾಕುವ ಆ ಕೆಲಸವನ್ನು ಹುಟ್ಟಿಸಿದ್ದೇ ಸೆಲ್ಫ್ ಸರ್ವೀಸ್. ಹಳೆಯ ಅಂಗಡಿಯ ಆಳಿನ ಕೆಲಸದಲ್ಲಿ ತೆಗೆಯುವುದು, ಆರಿಸುವುದು, ಹೊರುವುದು ಎಲ್ಲ ಗಿರಾಕಿಯ ಪಾಲಿಗೆ ಹೋಯಿತು. ಗಿರಾಕಿಯ ಕೈಗೆ ಕೊಡಲು ಧೈರ್ಯ ಸಾಲದೆ ಉಳಿಸಿಕೊಂಡದ್ದು ಎರಡೇ: ಲೆಕ್ಕ ಮತ್ತು ಕಾವಲು. ಅದಕ್ಕೆ ಕ್ಯಾಷಿಯರ್ ಎಂದು ಹೆಸರಿಟ್ಟರು. ಮುಂದಿನ ನೂರು ವರ್ಷದ ಆವಿಷ್ಕಾರಗಳೆಲ್ಲ ಈ ಎರಡರ ಸುತ್ತಲೇ ಸುತ್ತಿವೆ.

ಪಿಗ್ಲಿ ವಿಗ್ಲಿ ಬೆಂಕಿಯ ಹಾಗೆ ಹಬ್ಬಿತು. ಏಳು ವರ್ಷದೊಳಗೆ ಸಾವಿರಕ್ಕೂ ಹೆಚ್ಚು ಅಂಗಡಿ. ಸಾಂಡರ್ಸ್ ಮೆಂಫಿಸ್‌ನಲ್ಲಿ ಗುಲಾಬಿ ಬಣ್ಣದ ಕಲ್ಲಿನ ಅರಮನೆಯಂಥ ಮನೆ ಕಟ್ಟಿಸತೊಡಗಿದ. ಆಮೇಲೆ ಷೇರುಪೇಟೆಯಲ್ಲಿ ತನ್ನ ಕಂಪನಿಯ ಷೇರಿನ ಬೆಲೆ ಇಳಿಸಲು ಹೊರಟ ದಲ್ಲಾಳಿಗಳಿಗೆ ಬುದ್ಧಿ ಕಲಿಸುತ್ತೇನೆಂದು ಸಾಲ ಮಾಡಿ ತನ್ನದೇ ಷೇರು ಕೊಳ್ಳತೊಡಗಿ, 1923ರಲ್ಲಿ ಕಂಪನಿಯನ್ನೂ ಮನೆಯನ್ನೂ ಕಳೆದುಕೊಂಡ. ಆ ಗುಲಾಬಿ ಮನೆಯಲ್ಲಿ ಅವನು ಒಂದು ದಿನವೂ ಬಾಳಲಿಲ್ಲ. ಅದು ಊರಿನ ವಸ್ತುಸಂಗ್ರಹಾಲಯವಾಯಿತು. ಮೊದಲ ಪಿಗ್ಲಿ ವಿಗ್ಲಿ ಅಂಗಡಿಯ ಪಡಿಯಚ್ಚನ್ನು ಅಲ್ಲೇ ಇಟ್ಟಿದ್ದಾರೆ.

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಸಾಂಡರ್ಸ್ 1937ರಲ್ಲಿ ಮತ್ತೊಂದು ಅಂಗಡಿ ತೆರೆದ. ಹೆಸರು ಕೀಡೂಝಲ್. ಕೀಲಿಯೇ ಎಲ್ಲ ಮಾಡುತ್ತದೆ ಎಂಬ ಇಂಗ್ಲಿಷ್ ಮಾತನ್ನು ತಿರುಚಿ ಮಾಡಿದ ಹೆಸರು. ಅಂಗಡಿಯ ತುಂಬ ಗಾಜಿನ ಪೆಟ್ಟಿಗೆಗಳು, ಒಳಗೆ ಒಂದೊಂದು ಸಾಮಾನಿನ ಒಂದೊಂದೇ ಮಾದರಿ. ಒಳಗೆ ಬಂದವರಿಗೆ ಒಂದು ಕೀಲಿ ಕೊಡುತ್ತಿದ್ದರು. ಬೇಕಾದ ಸಾಮಾನಿನ ಪಕ್ಕದ ತೂತಿಗೆ ಕೀಲಿ ತೂರಿಸಿದರೆ ಸರಿ, ಹಿಂದಿನ ಗೋದಾಮಿಗೆ ವಿದ್ಯುತ್ತಿನ ಮೂಲಕ ಸುದ್ದಿ ಹೋಗುತ್ತಿತ್ತು. ಗಿರಾಕಿ ಕೊನೆಯ ಕಟ್ಟೆಗೆ ಬರುವ ಹೊತ್ತಿಗೆ ಸಾಮಾನು ಓಡುವ ಪಟ್ಟಿಯ ಮೇಲೆ ಬಂದು, ಬಿಲ್ಲೂ ಆಗಿ ಸಿದ್ಧ. ಇದು 1937ರ ಮಾತು ಎನ್ನುವುದನ್ನು ನೆನಪಿಡಿ. ಕಂಪ್ಯೂಟರ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ.

ಜನ ಕಡಿಮೆ ಇದ್ದಾಗ ಯಂತ್ರ ಓಡುತ್ತಿತ್ತು. ಶನಿವಾರದ ಗಿಜಿಗಿಜಿಗೆ ಕೆಟ್ಟು ಕೂರುತ್ತಿತ್ತು. ಒಬ್ಬರ ಸಾಮಾನು ಇನ್ನೊಬ್ಬರ ಚೀಲಕ್ಕೆ ಹೋಗುತ್ತಿತ್ತು. ಮುಚ್ಚಿದ. ಸುಧಾರಿಸಿ 1948ರಲ್ಲಿ ಮತ್ತೆ ತೆರೆದ. ಅದೂ ಮರುವರ್ಷವೇ ಮುಚ್ಚಿತು.

ಮೂರನೆಯ ಸಲ ಅವನು ಯೋಚಿಸಿದ್ದು ಫುಡೆಲೆಕ್ಟ್ರಿಕ್ ಎಂಬ ಅಂಗಡಿ. ನನ್ನ ಪ್ರಕಾರ ಸೆಲ್ಫ್ ಚೆಕೌಟಿನ ನಿಜವಾದ ಜಾತಕ ಬರೆದದ್ದು ಅಲ್ಲೇ. ಗಿರಾಕಿ ಸಾಮಾನು ತಾನೇ ತೆಗೆದುಕೊಂಡು, ತಾನೇ ಕಟ್ಟಿಕೊಂಡು, ತನಗೆ ತಾನೇ ಕ್ಯಾಷಿಯರ್ ಆಗಬೇಕು. ಅದಕ್ಕಾಗಿ ಗಿರಾಕಿಯ ಕೈಗೊಂದು ಲೆಕ್ಕದ ಯಂತ್ರ ಕೊಡಬೇಕು ಎಂಬುದು ಯೋಜನೆ. ಬಿಲ್ಲಿಂಗ್ ಕೌಂಟರಿನ ನೂಕುನುಗ್ಗಲು ತಪ್ಪುತ್ತದೆ, ಎಂಟೇ ಜನ ನೌಕರರನ್ನಿಟ್ಟುಕೊಂಡು ಇಪ್ಪತ್ತು ಲಕ್ಷ ಡಾಲರ್ ವ್ಯಾಪಾರ ಮಾಡುತ್ತೇನೆ ಎಂದು ಹೇಳಿಕೊಂಡಿದ್ದ. 1953ರ ಅಕ್ಟೋಬರಿನಲ್ಲಿ ಸಾಂಡರ್ಸ್ ತೀರಿಕೊಂಡ. ಆ ಅಂಗಡಿಯ ಬಾಗಿಲು ತೆರೆಯಲೇ ಇಲ್ಲ.

ಲೆಕ್ಕದ ಯಂತ್ರದ್ದು ಬೇರೆಯೇ ವಂಶಾವಳಿ. ಅದರ ಮೂಲದಲ್ಲಿರುವುದು ಕಳ್ಳತನ.

ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಒಂದು ಮದ್ಯದಂಗಡಿ ನಡೆಸುತ್ತಿದ್ದ. ವ್ಯಾಪಾರ ಜೋರು, ಲಾಭ ಮಾತ್ರ ಇಲ್ಲ. ಗಲ್ಲಾಪೆಟ್ಟಿಗೆಯ ಬಳಿ ನಿಲ್ಲುವ ಆಳುಗಳ ಜೇಬಿಗೆ ಹೋಗುತ್ತಿದ್ದುದು ಗೊತ್ತು, ಹಿಡಿಯುವುದು ಹೇಗೆ? ಮನಸ್ಸು ಕೆಟ್ಟು ಯುರೋಪಿಗೆ ಹಡಗು ಹತ್ತಿದ. ಹಡಗಿನ ಪ್ರೊಪೆಲ್ಲರ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುವ ಯಂತ್ರವನ್ನು ಅಲ್ಲಿ ನೋಡಿದ. ಸುತ್ತು ಎಣಿಸುವ ಯಂತ್ರ ದುಡ್ಡನ್ನೇಕೆ ಎಣಿಸಬಾರದು? ಊರಿಗೆ ಬಂದು ಅಣ್ಣತಮ್ಮ ಸೇರಿ ಮಾಡಿದ ಯಂತ್ರಕ್ಕೆ 1879ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ಲಂಚಕ್ಕೆ ಬಗ್ಗದ ಕ್ಯಾಷಿಯರ್. ಆಮೇಲೆ ಅದರ ಹಕ್ಕನ್ನು ಕೊಂಡ ಜಾನ್ ಪ್ಯಾಟರ್ಸನ್ 1884ರಲ್ಲಿ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಕಟ್ಟಿದ. ಅದೇ ಎನ್‌ಸಿಆರ್. ಪೆಟ್ಟಿಗೆ ತೆರೆದಾಗ ಣಣ್ ಎಂದು ಗಂಟೆ ಬಾರಿಸುತ್ತದಲ್ಲ, ಅದು ಗಿರಾಕಿಗೆ ಸ್ವಾಗತ ಹೇಳಲು ಇಟ್ಟದ್ದಲ್ಲ. ಪೆಟ್ಟಿಗೆ ತೆರೆದುಕೊಂಡಿತು ಎಂದು ಧಣಿಗೆ ತಿಳಿಯಲಿ ಅಂತ.

ಇದೇ ಎನ್‌ಸಿಆರ್ ನೂರು ವರ್ಷದ ನಂತರ ಜಗತ್ತಿನಲ್ಲೇ ಅತಿ ಹೆಚ್ಚು ಸೆಲ್ಫ್ ಚೆಕೌಟ್ ಯಂತ್ರ ಮಾರುವ ಕಂಪನಿಯಾಯಿತು. ಕ್ಯಾಷಿಯರನ್ನು ಕಾಯಲು ಹುಟ್ಟಿದ ಕಂಪನಿ ಕ್ಯಾಷಿಯರೇ ಇಲ್ಲದ ಪೆಟ್ಟಿಗೆ ಮಾರಿತು. ಕಾಯಬೇಕಾದವರು ಆಗ ಬೇರೆಯಾದರು, ಆ ಮಾತು ಮುಂದೆ ಬರುತ್ತದೆ.

ಇನ್ನು ಬಾರ್‌ಕೋಡ್. 1948ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿ ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿ ದೊಡ್ಡವರ ಮಾತಿಗೆ ಕಿವಿಗೊಟ್ಟ. ದಿನಸಿ ಅಂಗಡಿಗಳ ಮಾಲೀಕರೊಬ್ಬರು, ಬಿಲ್ ಹಾಕುವಾಗ ಸಾಮಾನಿನ ವಿವರ ತಾನಾಗಿ ದಾಖಲಾಗುವಂತೆ ಏನಾದರೂ ಮಾಡಿಕೊಡಿ ಎಂದು ಡೀನ್ ಬಳಿ ಕೇಳುತ್ತಿದ್ದರು. ಡೀನ್ ಒಲ್ಲೆ ಎಂದರು. ಸಿಲ್ವರ್ ಈ ಮಾತನ್ನು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ವುಡ್‌ಲ್ಯಾಂಡ್ ಕೆಲಸ ಬಿಟ್ಟು ಮಯಾಮಿ ಬೀಚಿನಲ್ಲಿದ್ದ ಅಜ್ಜನ ಮನೆಗೆ ಹೋಗಿ ಇದನ್ನೇ ಯೋಚಿಸುತ್ತಾ ಕುಳಿತ. ಬಾಲಕನಾಗಿದ್ದಾಗ ಸ್ಕೌಟಿನಲ್ಲಿ ಕಲಿತ ಮೋರ್ಸ್ ಸಂಕೇತ ಅವನಿಗೆ ಗೊತ್ತಿತ್ತು, ಚುಕ್ಕಿ ಮತ್ತು ಗೆರೆ. ಒಂದು ದಿನ ಕಡಲ ದಂಡೆಯ ಮರಳಿಗೆ ಬೆರಳೂರಿ ತನ್ನ ಕಡೆಗೆ ಎಳೆದುಕೊಂಡ. ನಾಲ್ಕು ಬೆರಳಿಗೆ ನಾಲ್ಕು ಉದ್ದ ಗೀಟು. ಚುಕ್ಕಿ ಗೆರೆಗಳ ಬದಲು ತೆಳು ಗೀಟು, ದಪ್ಪ ಗೀಟು!

1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಗೀಟನ್ನು ಓದುವುದು ಹೇಗೆ? ಅವರು ಮಾಡಿದ ಮೊದಲ ಯಂತ್ರಕ್ಕೆ 500 ವಾಟಿನ ಬಲ್ಬು ಬೇಕಾಯಿತು; ಓದಬೇಕಾದ ಕಾಗದವೇ ಅದರ ಶಾಖಕ್ಕೆ ಕರಕಲಾಗುತ್ತಿತ್ತು. ಅಗ್ಗದ ಲೇಸರ್, ಅಗ್ಗದ ಚಿಪ್ ಬರುವ ತನಕ ಇಪ್ಪತ್ತು ವರ್ಷ ಕಾಯಬೇಕಾಯಿತು. ಸಿಲ್ವರ್ 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ವುಡ್‌ಲ್ಯಾಂಡ್ ಸೇರಿದ್ದ ಐಬಿಎಂ ಕಂಪನಿಯಲ್ಲೇ ಜಾರ್ಜ್ ಲಾರರ್ ಎಂಬ ಎಂಜಿನಿಯರ್ ಇವತ್ತಿನ ಬಾರ್‌ಕೋಡಿಗೆ ರೂಪ ಕೊಟ್ಟ. 1973ರಲ್ಲಿ ದಿನಸಿ ಉದ್ಯಮ ಅದನ್ನೇ ಒಪ್ಪಿಕೊಂಡಿತು.

1974ರ ಜೂನ್ 26ರ ಬೆಳಿಗ್ಗೆ ಎಂಟು ಗಂಟೆ. ಡೇಟನ್ ಪಕ್ಕದ ಟ್ರಾಯ್ ಎಂಬ ಸಣ್ಣ ಊರು, ಮಾರ್ಷ್ ಸೂಪರ್ ಮಾರ್ಕೆಟ್. ಎನ್‌ಸಿಆರ್ ಮನೆಯಂಗಳದಲ್ಲೇ ಪರೀಕ್ಷೆ ಎನ್ನಿ. ಕ್ಯಾಷಿಯರ್ ಶರಾನ್ ಬುಕಾನನ್ ಕೈಗೆ ಮೊದಲು ಬಂದದ್ದು ರಿಗ್ಲೀಸ್ ಜ್ಯೂಸಿ ಫ್ರೂಟ್ ಚೂಯಿಂಗ್ ಗಮ್, ಹತ್ತು ಪೊಟ್ಟಣದ ಕಟ್ಟು. ಗಾಜಿನ ಮೇಲೆ ಹಾಯಿಸಿದಳು. 67 ಸೆಂಟ್ ಎಂದು ಮೂಡಿತು. ಕೊಂಡವರು ಅದೇ ಮಾರ್ಷ್ ಕಂಪನಿಯ ಅಧಿಕಾರಿ. ಅಷ್ಟು ಸಣ್ಣ ಸಾಮಾನಿನ ಮೇಲೂ ಗೀಟು ಅಚ್ಚು ಹಾಕಬಹುದು, ಯಂತ್ರ ಅದನ್ನು ಓದಬಹುದು ಎಂದು ತೋರಿಸಲು ಚೂಯಿಂಗ್ ಗಮ್ ಆರಿಸಿದ್ದು. ಟ್ರಾಯ್ ಊರಿನ ಆ ಸ್ಕ್ಯಾನರ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಬಾರ್‌ಕೋಡ್ ಬಂದಾಗಲೇ ಅಂಗಡಿ ನೌಕರರ ಸಂಘಗಳಿಗೆ ಕೆಲಸ ಹೋಗುವ ವಾಸನೆ ಬಡಿಯಿತು. ಸಾಮಾನಿನ ಮೇಲೆ ಒಂದೊಂದಕ್ಕೂ ಬೆಲೆಚೀಟಿ ಅಂಟಿಸುವ ಕೆಲಸ ಹೋಗುತ್ತದಲ್ಲ. ಬೆಲೆ ಕಣ್ಣಿಗೆ ಕಾಣದಿದ್ದರೆ ಮೋಸವಾಗುತ್ತದೆ ಎಂದು ಬಳಕೆದಾರರ ಸಂಘಗಳೂ ದನಿಗೂಡಿಸಿದವು. ಮಿಶಿಗನ್ ರಾಜ್ಯ 1976ರಲ್ಲಿ ಪ್ರತಿ ಸಾಮಾನಿನ ಮೇಲೂ ಬೆಲೆ ಅಂಟಿಸಲೇಬೇಕು ಎಂದು ಕಾನೂನು ಮಾಡಿತು. ಅದು 2011ರ ತನಕ ಜಾರಿಯಲ್ಲಿತ್ತು. ಬೆಲೆ ಅಂಟಿಸುವವರ ಪರವಾಗಿ ಜಗಳವಾಯಿತು. ಬೆಲೆ ಒತ್ತುವವರ ಬೆರಳಿನ ಕಸಬು ಅದೇ ಹೊತ್ತಿಗೆ ಸದ್ದಿಲ್ಲದೆ ಹೋಯಿತು. ಮೊದಲಿನ ಕ್ಯಾಷಿಯರ್ ಬೆಲೆ ನೋಡಿ, ಗುಂಡಿಗಳ ಮೇಲೆ ಬೆರಳಾಡಿಸಿ ಒತ್ತಬೇಕಿತ್ತು. ಆ ವೇಗ ಬರಲು ತಿಂಗಳುಗಟ್ಟಲೆ ಬೇಕು. ಸ್ಕ್ಯಾನರ್ ಬಂದ ಮೇಲೆ ಅರ್ಧ ದಿನ ಸಾಕು.

ಈಗ ಹಂಬಲ್ ನಿಂತಿದ್ದ ಸಾಲಿಗೆ ವಾಪಸು ಬರೋಣ. ಸಾಮಾನು ಮೊದಲೇ ಗಿರಾಕಿಯ ಕೈಯಲ್ಲಿದೆ, ಪೆಟ್ಟಿಗೆ ತಾನೇ ಲೆಕ್ಕವಿಡುತ್ತದೆ, ಬೆಲೆಯನ್ನು ಯಂತ್ರವೇ ಓದುತ್ತದೆ. ಲೆಕ್ಕದ ಪ್ರಶ್ನೆ ಮುಗಿಯಿತು. ಉಳಿದದ್ದು ಕಾವಲು.

ಹಂಬಲ್ ಕಟ್ಟಿದ ಕಂಪನಿಯ ಹೆಸರು ಚೆಕ್‌ರೋಬಾಟ್. 1986ರಲ್ಲಿ ಅಟ್ಲಾಂಟಾ ಹೊರವಲಯದ ಕ್ರೋಗರ್ ಅಂಗಡಿಯೊಂದರಲ್ಲಿ ಅದರ ಯಂತ್ರ ಕೂತಿತು. ಇವತ್ತಿನವರಿಗೆ ಅದು ಸೆಲ್ಫ್ ಚೆಕೌಟ್ ಎಂದು ಹೊಳೆಯುವುದೇ ಇಲ್ಲ, ಅಷ್ಟು ದೊಡ್ಡದು. ಗಿರಾಕಿ ಸ್ಕ್ಯಾನ್ ಮಾಡಿ ಓಡುವ ಪಟ್ಟಿಯ ಮೇಲಿಡಬೇಕು. ಸ್ಕ್ಯಾನ್ ಆಗದ ಸಾಮಾನು ನುಸುಳದ ಹಾಗೆ ದಾರಿಯಲ್ಲಿ ಕಾವಲಿನ ಏರ್ಪಾಡಿತ್ತು. ಆಚೆ ತುದಿಯಲ್ಲಿ ಒಬ್ಬರು ಚೀಲಕ್ಕೆ ತುಂಬುತ್ತಿದ್ದರು. ಗಿರಾಕಿ ಚೀಟಿ ಹಿಡಿದುಕೊಂಡು ಹೋಗಿ ಬೇರೆ ಕಟ್ಟೆಯಲ್ಲಿ ಕುಳಿತ ಕ್ಯಾಷಿಯರ್‌ಗೆ ದುಡ್ಡು ಕೊಡಬೇಕು. ಅಂದರೆ ಸ್ಕ್ಯಾನ್ ಮಾಡುವ ಕೆಲಸ ಮಾತ್ರ ಗಿರಾಕಿಗೆ ದಾಟಿತು. ಜಾಗ ತಿನ್ನುವ, ದುಬಾರಿಯಾದ ಆ ಯಂತ್ರ ಹೆಚ್ಚು ಕಡೆ ಹಬ್ಬಲಿಲ್ಲ.

ಗಂಟು ಬಿಡಿಸಿದ್ದು ಕೆನಡಾದ ಮಾಂಟ್ರಿಯಲ್‌ನ ಹೊವಾರ್ಡ್ ಷ್ನೈಡರ್, ಓದಿನಿಂದ ವೈದ್ಯ. ಆತ ಹಿಡಿದ ಉಪಾಯ ನಮ್ಮ ಅಂಗಡಿಗಳಲ್ಲಿ ಸಾವಿರ ವರ್ಷದಿಂದ ತೂಗಾಡುತ್ತಿರುವುದೇ: ತಕ್ಕಡಿ. ಗಿರಾಕಿ ಚೀಲ ಇಡುವ ಹಲಗೆಯ ಕೆಳಗೆ ಒಂದು ತೂಕದ ಯಂತ್ರ ಅಡಗಿಸು. ಪ್ರತಿ ಬಾರ್‌ಕೋಡಿನ ಜೊತೆ ಆ ಸಾಮಾನಿನ ತೂಕವನ್ನೂ ಕಂಪ್ಯೂಟರಿನಲ್ಲಿ ಬರೆದಿಡು. ಅರ್ಧ ಕಿಲೋ ಸಕ್ಕರೆ ಸ್ಕ್ಯಾನ್ ಆಯಿತೇ? ಹಲಗೆ ಅರ್ಧ ಕಿಲೋ ಭಾರವಾಗಬೇಕು. ಹೆಚ್ಚಾದರೆ ಏನೋ ಸೇರಿದೆ. ಏರದಿದ್ದರೆ ಸಾಮಾನು ಬೇರೆಲ್ಲಿಗೋ ಹೋಗಿದೆ. ಎರಡರಲ್ಲಿ ಏನಾದರೂ ಯಂತ್ರ ನಿಲ್ಲಬೇಕು, ದೀಪ ಮಿನುಗಬೇಕು, ಮನುಷ್ಯ ಬಂದು ನೋಡಬೇಕು. 1992ರಲ್ಲಿ ಆತನ ಆಪ್ಟಿಮಲ್ ರೋಬಾಟಿಕ್ಸ್ ಕಂಪನಿ ನ್ಯೂಯಾರ್ಕ್ ರಾಜ್ಯದ ಪ್ರೈಸ್ ಚಾಪರ್ ಅಂಗಡಿಯಲ್ಲಿ ಇಂಥ ಯಂತ್ರ ಇಟ್ಟಿತು. ಇವತ್ತು ನಾವು ಕಾಣುವ ಸೆಲ್ಫ್ ಚೆಕೌಟಿನ ಅಸ್ಥಿಪಂಜರ ಅದೇ.

ತಕ್ಕಡಿಗೆ ಬುದ್ಧಿಯಿಲ್ಲ ಎನ್ನುವುದು ಬೇಗ ಗೊತ್ತಾಯಿತು. ಮಗು ಹಲಗೆಯ ಮೇಲೆ ಕೈಯೂರಿದರೂ, ಮನೆಯಿಂದ ತಂದ ಬಟ್ಟೆಚೀಲ ಇಟ್ಟರೂ ಯಂತ್ರಕ್ಕೆ ಅನುಮಾನ. ಚೀಲ ಇಡುವ ಜಾಗದಲ್ಲಿ ಅನಿರೀಕ್ಷಿತ ವಸ್ತು ಇದೆ ಎಂದು ಯಂತ್ರದ ಹೆಣ್ಣುದನಿ ನಾಲ್ಕು ಜನರ ಮುಂದೆ ಹೇಳುವುದು ಬ್ರಿಟನ್ನಿನಲ್ಲಿ ಮನೆಮನೆಯ ಜೋಕಾಯಿತು. ಟೆಸ್ಕೊ ಕಂಪನಿ 2015ರಲ್ಲಿ ಆ ದನಿಯನ್ನೂ ಮಾತನ್ನೂ ಬದಲಿಸಿತು. ಮರ್ಯಾದಸ್ಥರನ್ನು ಸಾಲಿನಲ್ಲಿ ನಿಲ್ಲಿಸಿ ಕಳ್ಳರೇ ಎಂದ ಹಾಗೆ ಆಗುತ್ತಿದ್ದರೆ ಯಾರು ತಾನೇ ಸಹಿಸುತ್ತಾರೆ?

ನಿಜವಾದ ಕಳ್ಳರು ಬೇರೆ ದಾರಿ ಹಿಡಿದಿದ್ದರು. ತರಕಾರಿ ಹಣ್ಣಿಗೆ ಬಾರ್‌ಕೋಡ್ ಇರುವುದಿಲ್ಲ, ನಾಲ್ಕಂಕಿಯ ಸಂಖ್ಯೆ ಇರುತ್ತದೆ. ಬಾಳೆಹಣ್ಣಿನದು 4011. ಪಳಗಿದ ಕ್ಯಾಷಿಯರ್‌ಗೆ ಇಂಥ ಹತ್ತಾರು ಸಂಖ್ಯೆ ಬಾಯಿಪಾಠ. ಯಾವುದು ಕೊತ್ತಂಬರಿ, ಯಾವುದು ಪಾರ್ಸ್ಲಿ ಎಂದು ಮೂಸದೆಯೇ ಹೇಳಬಲ್ಲಳು. ಗಿರಾಕಿ ಪರದೆಯ ಮೇಲಿನ ಚಿತ್ರ ಹುಡುಕುತ್ತಾ ತಡವರಿಸುತ್ತಾನೆ. ತಡವರಿಸದ ಕೆಲವರು ದುಬಾರಿ ಮಾಂಸವನ್ನು ತಕ್ಕಡಿಯ ಮೇಲಿಟ್ಟು 4011 ಎಂದು ಒತ್ತುತ್ತಾರೆ. ತೂಕ ಸರಿಯಿದೆ, ಯಂತ್ರ ಸುಮ್ಮನಿರುತ್ತದೆ, ಮಾಂಸ ಬಾಳೆಹಣ್ಣಿನ ಬೆಲೆಗೆ ಮನೆಗೆ ಹೋಗುತ್ತದೆ. ಬಾಳೆಹಣ್ಣಿನ ಉಪಾಯ ಎಂದೇ ಅಮೆರಿಕದಲ್ಲಿ ಇದಕ್ಕೆ ಹೆಸರು. ಆಸ್ಟ್ರೇಲಿಯಾದ ಸೂಪರ್ ಮಾರ್ಕೆಟ್ ಕಂಪನಿಯೊಂದು ತನ್ನ ಬಳಿ ಇದ್ದುದಕ್ಕಿಂತ ಹೆಚ್ಚು ಕ್ಯಾರೆಟ್ ಮಾರಾಟವಾಗಿದೆ ಎಂಬ ಲೆಕ್ಕ ನೋಡಿ ಕಕ್ಕಾಬಿಕ್ಕಿಯಾಯಿತು. ಬೆಣ್ಣೆಹಣ್ಣು, ಇನ್ನೇನೇನೋ, ಎಲ್ಲ ಕ್ಯಾರೆಟ್ ಹೆಸರಿನಲ್ಲಿ ಹೋಗಿತ್ತು. ಲಂಡನ್ನಿನ ಅಪರಾಧಶಾಸ್ತ್ರಜ್ಞೆ ಎಮಲೀನ್ ಟೇಲರ್ ಇಂಥವರನ್ನು ಕುರಿತು ಬರೆಯುತ್ತಾ ಹೇಳುವ ಮಾತು ಕುತೂಹಲದ್ದು: ಇವರಲ್ಲಿ ಬಹಳ ಮಂದಿ ಮನುಷ್ಯನ ಎದುರು ಒಂದು ಟೊಮ್ಯಾಟೊ ಕೂಡ ಕದಿಯದವರು. ಲೆಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಬೆಕ್, ಗಿರಾಕಿಯೇ ಸ್ಕ್ಯಾನ್ ಮಾಡಿಕೊಂಡ ಸುಮಾರು ಹತ್ತು ಲಕ್ಷ ಖರೀದಿಗಳ ಲೆಕ್ಕ ತೆಗೆದಾಗ 2.1 ಕೋಟಿ ಡಾಲರ್ ಸಾಮಾನಿನಲ್ಲಿ ಸುಮಾರು 8.5 ಲಕ್ಷ ಡಾಲರಿನದು ಸ್ಕ್ಯಾನ್ ಆಗದೆ ಹೋಗಿತ್ತು. ದಿನಸಿಯ ಲಾಭ ನೂರಕ್ಕೆ ಎರಡೋ ಮೂರೋ ಇರುವ ವ್ಯಾಪಾರದಲ್ಲಿ ನೂರಕ್ಕೆ ನಾಲ್ಕು ಸೋರಿದರೆ ಏನು ಉಳಿದೀತು?

ಆಗ ಮಾಲೀಕರಿಗೆ ಅರ್ಥವಾದದ್ದು ಇಷ್ಟು. ಕ್ಯಾಷಿಯರ್‌ಗೆ ಸಂಬಳ ಕೊಡುತ್ತಿದ್ದುದು ಬಿಲ್ ಹಾಕಲು ಮಾತ್ರ ಆಗಿರಲಿಲ್ಲ. ಮುಖ ನೋಡಿ ನಮಸ್ಕಾರ ಹೇಳುವ ಆ ಒಂದು ಜೋಡಿ ಕಣ್ಣೇ ಅಂಗಡಿಯ ಬೀಗವಾಗಿತ್ತು. ರಿಟ್ಟಿಗೆ ಆಳಿನ ಮೇಲೆ ಅನುಮಾನವಿತ್ತು, ಗಂಟೆ ಕಟ್ಟಿದ. ಆಳನ್ನು ತೆಗೆದ ಮೇಲೆ ಅದೇ ಅನುಮಾನ ಗಿರಾಕಿಯ ತಲೆಯ ಮೇಲೆ ಕ್ಯಾಮೆರಾ ಆಗಿ ಕೂತಿತು.

ಇನ್ನು ಕೆಲಸದ ಮಾತು. ಯಂತ್ರ ಬಂದ ದಿನವೇ ಕ್ಯಾಷಿಯರ್‌ಗಳನ್ನೆಲ್ಲ ಮನೆಗೆ ಕಳಿಸಿದರು ಎನ್ನುವ ಚಿತ್ರ ಸರಿಯಲ್ಲ. ಆದದ್ದು ಅದಕ್ಕಿಂತ ನಯವಾಗಿ. ಬಿಟ್ಟುಹೋದವರ ಜಾಗ ತುಂಬಲಿಲ್ಲ. ವಾರಕ್ಕೆ ಮೂವತ್ತು ಗಂಟೆ ಸಿಗುತ್ತಿದ್ದಲ್ಲಿ ಇಪ್ಪತ್ತು ಸಿಗತೊಡಗಿತು. ಹತ್ತು ಕೌಂಟರಿನಲ್ಲಿ ಎರಡಕ್ಕೆ ಮಾತ್ರ ದೀಪ ಹತ್ತಿತು. ಸಾಲು ಉದ್ದವಾದಾಗ ಗಿರಾಕಿ ತಾನಾಗಿಯೇ ಯಂತ್ರದ ಕಡೆ ತಿರುಗಿದ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ 2022ರಲ್ಲಿ ಅಲ್ಲಿ ಸುಮಾರು 33 ಲಕ್ಷ ಕ್ಯಾಷಿಯರ್‌ಗಳಿದ್ದರು, ಹೆಚ್ಚಿನವರು ಹೆಂಗಸರು. ಮುಂದಿನ ಹತ್ತು ವರ್ಷದಲ್ಲಿ ಶೇ 10ರಷ್ಟು ಕಡಿಮೆಯಾಗುತ್ತದೆ ಎಂದು ಇಲಾಖೆಯ ಅಂದಾಜು. ಅದೇ ಕಾಗದದಲ್ಲಿ ಇನ್ನೊಂದು ಸಂಗತಿಯೂ ಇದೆ: ಪ್ರತಿ ವರ್ಷ ಐದು ಲಕ್ಷಕ್ಕೂ ಮಿಕ್ಕಿ ಕ್ಯಾಷಿಯರ್ ಹುದ್ದೆಗಳು ಖಾಲಿ ಬೀಳುತ್ತವೆ, ಬಹುಪಾಲು ಕೆಲಸ ಬಿಟ್ಟು ಹೋಗುವವರಿಂದ. ಯಂತ್ರ ಕಿತ್ತುಕೊಳ್ಳುವ ಮೊದಲೇ ಜನ ಎದ್ದು ಹೋಗುವಂಥ ಸಂಬಳ, ದಿನವಿಡೀ ನಿಂತೇ ಮಾಡುವ ಕೆಲಸ. ಇದನ್ನು ಮರೆತು ಕ್ಯಾಷಿಯರ್ ಕೆಲಸವನ್ನು ಕಳೆದುಹೋದ ಸ್ವರ್ಗ ಎಂದು ಬರೆದರೆ ಸುಳ್ಳಾಗುತ್ತದೆ.

ಉಳಿದುಕೊಂಡವಳ ಕೆಲಸ ಹೇಗಿದೆ ನೋಡಿ. ಆರೋ ಎಂಟೋ ಯಂತ್ರಗಳ ನಡುವೆ ಒಬ್ಬಳೇ. ಒಂದು ಯಂತ್ರದಲ್ಲಿ ಕೆಂಪು ದೀಪ, ತೂಕ ತಾಳೆಯಾಗಿಲ್ಲ. ಅಲ್ಲಿಗೆ ಹೋಗಿ ಕಾರ್ಡ್ ತೋರಿಸಿ ದೀಪ ಆರಿಸುವಷ್ಟರಲ್ಲಿ ಇನ್ನೊಂದರಲ್ಲಿ ಬಿಯರ್ ಬಾಟಲಿ, ವಯಸ್ಸಿನ ಪುರಾವೆ ಕೇಳಬೇಕು, ಬೈಗುಳ ಕೇಳಿಸಿಕೊಳ್ಳಬೇಕು. ಮೂರನೆಯದರಲ್ಲಿ ಒಬ್ಬ ಮುದುಕ ಪರದೆಯನ್ನು ದಿಟ್ಟಿಸುತ್ತಾ ನಿಂತಿದ್ದಾನೆ. ನಾಲ್ಕನೆಯದರಲ್ಲಿ ಯಾರೋ ಕ್ಯಾರೆಟ್ ಒತ್ತುತ್ತಿದ್ದಾರೆ, ಅದು ಕ್ಯಾರೆಟ್ ಹೌದೋ ಅಲ್ಲವೋ ನೋಡುವವರಾರು? ಮೊದಲು ಒಂದೇ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದವಳು ಈಗ ಎಂಟು ಬೆನ್ನುಗಳನ್ನು ಕಾಯುತ್ತಾಳೆ. ಲೆಕ್ಕ ಯಂತ್ರಕ್ಕೆ ಹೋಯಿತು, ಕಾವಲು ಅವಳ ಪಾಲಿಗೇ ಉಳಿಯಿತು.

ಒರೆಗಾನ್ ರಾಜ್ಯದಲ್ಲಿ 2019ರಲ್ಲಿ ಕಾರ್ಮಿಕ ಸಂಘಗಳು ಒಂದು ಅಂಗಡಿಗೆ ಎರಡಕ್ಕಿಂತ ಹೆಚ್ಚು ಸೆಲ್ಫ್ ಚೆಕೌಟ್ ಇರಬಾರದು ಎಂದು ಜನಮತಕ್ಕೆ ಹಾಕಲು ಹೊರಟವು. ಅದು ಮತಪೆಟ್ಟಿಗೆಯ ತನಕ ಹೋಗಲಿಲ್ಲ. ಕಾನೂನು ಮಾಡದ್ದನ್ನು ಕೆಲವು ಕಡೆ ನಷ್ಟವೇ ಮಾಡಿತು. ಉತ್ತರ ಇಂಗ್ಲೆಂಡಿನ ಬೂತ್ಸ್ ಸೂಪರ್ ಮಾರ್ಕೆಟ್ 2023ರ ನವೆಂಬರಿನಲ್ಲಿ, ಎರಡು ಅಂಗಡಿ ಬಿಟ್ಟು ಉಳಿದೆಲ್ಲ ಕಡೆ ಯಂತ್ರ ತೆಗೆದು ಮನುಷ್ಯರನ್ನು ಕೂರಿಸುವುದಾಗಿ ಹೇಳಿತು. ಅಮೆರಿಕದ ಡಾಲರ್ ಜನರಲ್ ಕಂಪನಿ 2024ರಲ್ಲಿ 12,000 ಅಂಗಡಿಗಳಿಂದ ಸೆಲ್ಫ್ ಚೆಕೌಟ್ ತೆಗೆದುಹಾಕಿತು, ಕಾರಣ ಸೋರಿಕೆ. ನೆದರ್‌ಲ್ಯಾಂಡ್ಸಿನ ಯುಂಬೊ ಅಂಗಡಿಗಳದು ಇನ್ನೂ ಸ್ವಾರಸ್ಯ. 2019ರಲ್ಲಿ ಅವರು ಹರಟೆಯ ಕೌಂಟರ್ ಎಂದೇ ಒಂದನ್ನು ತೆರೆದರು. ಅವಸರ ಇಲ್ಲದವರು, ಮನೆಯಲ್ಲಿ ಒಂಟಿಯಾಗಿರುವ ವಯಸ್ಸಾದವರು ಅಲ್ಲಿ ನಿಂತು ಕ್ಯಾಷಿಯರ್ ಜೊತೆ ಮಾತಾಡುತ್ತಾ ಬಿಲ್ ಹಾಕಿಸಬಹುದು. ನಮ್ಮ ಊರಿನ ಶೆಟ್ಟರಿಗೆ ಇದಕ್ಕೆ ಬೇರೆ ಕೌಂಟರ್ ಯಾಕೆ ಎಂದು ಅರ್ಥವಾಗಲಿಕ್ಕಿಲ್ಲ.

ಕೊನೆಗೆ ಯಂತ್ರವೂ ಬೇಡ ಎಂದವರು ಬಂದರು. 2018ರ ಜನವರಿಯಲ್ಲಿ ಅಮೆಜಾನ್ ಸಿಯಾಟಲ್‌ನಲ್ಲಿ ಒಂದು ಅಂಗಡಿ ತೆರೆಯಿತು. ಒಳಗೆ ಹೋಗಿ, ಬೇಕಾದ್ದು ಎತ್ತಿಕೊಂಡು, ಸುಮ್ಮನೆ ಹೊರಗೆ ನಡೆಯಿರಿ. ಛಾವಣಿಯ ಕ್ಯಾಮೆರಾಗಳು, ಕಪಾಟಿನ ತೂಕದ ಯಂತ್ರಗಳು ನೋಡಿಕೊಂಡು ನಿಮ್ಮ ಖಾತೆಯಿಂದ ದುಡ್ಡು ಕಳೆಯುತ್ತವೆ. ಸ್ಕ್ಯಾನರಿಲ್ಲ, ಪೆಟ್ಟಿಗೆಯಿಲ್ಲ, ಕ್ಯಾಷಿಯರೂ ಇಲ್ಲ. ಆಮೇಲೆ ಪತ್ರಿಕೆಗಳಲ್ಲಿ ಒಂದು ವರದಿ ಬಂತು: ಕ್ಯಾಮೆರಾ ಕಂಡದ್ದು ಸರಿಯೇ ಎಂದು ನೋಡಿ ಗುರುತು ಹಾಕಲು ಭಾರತದಲ್ಲಿ ಸುಮಾರು ಸಾವಿರ ಜನ ಕೆಲಸ ಮಾಡುತ್ತಿದ್ದಾರೆ ಎಂದು. ಪ್ರತಿ ಗಿರಾಕಿಯನ್ನೂ ಕೂತು ನೋಡುತ್ತಾರೆ ಎಂಬುದನ್ನು ಅಮೆಜಾನ್ ಅಲ್ಲಗಳೆಯಿತು. ಯಂತ್ರಕ್ಕೆ ಕಲಿಸಲು, ಅನುಮಾನ ಬಂದ ಕೆಲವು ಖರೀದಿಗಳನ್ನು ಪರಿಶೀಲಿಸಲು ಜನ ಇದ್ದಾರೆ ಎಂದಿತು. ಅಷ್ಟನ್ನೇ ಒಪ್ಪಿಕೊಂಡರೂ ಸಾಕು. ಅಮೆರಿಕದ ಅಂಗಡಿಯ ಬಾಗಿಲಲ್ಲಿ ಕೂತು ಕಾಯುತ್ತಿದ್ದ ಕಣ್ಣುಗಳಲ್ಲಿ ಒಂದಷ್ಟು ನಮ್ಮ ದೇಶಕ್ಕೆ ವಲಸೆ ಬಂದಿದ್ದವು, ಪರದೆಯ ಮುಂದೆ, ಇಲ್ಲಿನ ಸಂಬಳಕ್ಕೆ.

2024ರಲ್ಲಿ ಅಮೆಜಾನ್ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಈ ವ್ಯವಸ್ಥೆಯನ್ನು ತೆಗೆಯುವುದಾಗಿ ಹೇಳಿತು. ಅದರ ಬದಲು ತಂದದ್ದು ಸ್ಕ್ಯಾನರ್ ಮತ್ತು ಪರದೆ ಇರುವ ತಳ್ಳುಗಾಡಿ. ಗಿರಾಕಿ ಸಾಮಾನು ಹಾಕಿದ ಹಾಗೆ ಗಾಡಿಯೇ ಮೊತ್ತ ಕೂಡಿಸುತ್ತದೆ. ಗಿರಾಕಿಯ ಕೈಗೆ ಲೆಕ್ಕದ ಯಂತ್ರ ಕೊಟ್ಟು ಕ್ಯಾಷಿಯರ್ ಮಾಡುತ್ತೇನೆ ಎಂದು ಕ್ಲಾರೆನ್ಸ್ ಸಾಂಡರ್ಸ್ ಹೊರಟದ್ದು 1953ರಲ್ಲಿ. ಅವನು ಎಂಟು ಜನ ನೌಕರರನ್ನು ಲೆಕ್ಕಕ್ಕೆ ಹಿಡಿದಿದ್ದ.